ಬಾಟಮ್ ಹೌಸಿನ ಮಾತು: ಗಯಾನಾದಲ್ಲಿ ಆರು ದಿನ

ನ್ಯೂಯಾರ್ಕಿನ ರಿಚ್ಮಂಡ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ದಕ್ಷಿಣ ಅಮೆರಿಕದ ಗಯಾನಾ ದೇಶದವರು. ಅವರ ಹಿರಿಯರು ಕಬ್ಬಿನ ತೋಟದ ಕೂಲಿಗೆಂದು ಕಲ್ಕತ್ತಾದಲ್ಲಿ ಹಡಗು ಹತ್ತಿದವರು. ಆಂಟಿ ತಮ್ಮ ಅಜ್ಜನನ್ನು 'ಆಜಾ' ಅಂತಾರೆ, ಅಜ್ಜಿಯನ್ನು 'ಆಜಿ' ಅಂತಾರೆ. ಮೊದಲ ಸಲ ಕೇಳಿದಾಗ ತೀರ್ಥಹಳ್ಳಿಯ ನಮ್ಮ ಮನೆಯಲ್ಲೇ ಯಾರೋ ಕೂಗಿದ ಹಾಗಾಯಿತು. ಅದು ಭೋಜಪುರಿ ಮಾತು ಅಂತ ಆಮೇಲೆ ತಿಳಿಯಿತು.

ಒಂದು ಭಾನುವಾರ ಅವರ ಅಡುಗೆಮನೆಯಲ್ಲಿ ದಾಲ್‌ಪುರಿ ಲಟ್ಟಿಸುತ್ತಿದ್ದಾಗ ವಾಲ್ಟರ್ ರಾಡ್ನಿಯ ಹೆಸರು ಬಂತು. ಯುರೋಪ್ ಆಫ್ರಿಕಾವನ್ನು ಹೇಗೆ ಹಿಂದಕ್ಕೆ ತಳ್ಳಿತು ಎಂದು 1972ರಲ್ಲಿ ಪುಸ್ತಕ ಬರೆದ ಗಯಾನಾದ ಇತಿಹಾಸಕಾರ ಅವರು. ನಾನು ಕಾಲೇಜಿನಲ್ಲಿ ಓದಿದ್ದೆ. ಆಂಟಿ ಲಟ್ಟಣಿಗೆ ಪಕ್ಕಕ್ಕಿಟ್ಟು, "ಅವರ ಭಾಷಣ ನಾನು ಕೇಳಿದ್ದೀನಿ. ನನ್ನಣ್ಣ ಅವರ ಪಕ್ಕದಲ್ಲೇ ಕೂತು ಮಾತಾಡಿದ್ದಾನೆ" ಅಂದರು.

"ಅಣ್ಣನ ಮಾತನ್ನು ಯಾರಾದರೂ ರೆಕಾರ್ಡ್ ಮಾಡಿಕೊಂಡಿದ್ದಾರಾ?"

"ಕಬ್ಬು ಕಡಿಯೋನನ್ನ ಯಾರಮ್ಮ ಕೇಳ್ತಾರೆ?"

ನಾನು ಲೈಬ್ರರಿಯೊಂದರಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುವ ಕೆಲಸದಲ್ಲಿದ್ದೇನೆ. ಆ ಮಾತು ತಲೆಯಿಂದ ಹೋಗಲೇ ಇಲ್ಲ. ರಾಡ್ನಿಯ ಕಾಗದಪತ್ರಗಳು ಅಟ್ಲಾಂಟಾದ ಒಂದು ಗ್ರಂಥಾಲಯದಲ್ಲಿ ಭದ್ರವಾಗಿವೆ. ಗೆಳೆಯರು, ಜೊತೆ ಓದಿದವರು ಹೇಳಿದ ನೆನಪುಗಳು 2012ರಲ್ಲಿ ಪುಸ್ತಕವಾಗಿಯೂ ಬಂದಿವೆ. ಆದರೆ ಸಭೆಯ ಕೊನೇ ಸಾಲಿನಲ್ಲಿ ನಿಂತು ಕೇಳಿದವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಜೂನ್ ತಿಂಗಳಲ್ಲಿ ಆಂಟಿಯ ಜೊತೆ ನಾನೂ ಹೊರಟೆ.

ಮೊದಲ ದಿನ: ಟಿಮೆರಿಯಿಂದ ಊರಿಗೆ

ವಿಮಾನ ಇಳಿದಾಗ ಸಂಜೆ. ವಿಮಾನ ನಿಲ್ದಾಣ ಟಿಮೆರಿಯಲ್ಲಿದೆ, ರಾಜಧಾನಿ ಜಾರ್ಜ್‌ಟೌನ್‌ನಿಂದ 41 ಕಿಲೋಮೀಟರ್ ದಕ್ಷಿಣಕ್ಕೆ. ಬಾಗಿಲು ತೆರೆದ ಕೂಡಲೇ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಮಂಗಳೂರಿನ ಜೂನ್ ತಿಂಗಳು ನೆನಪಾಯಿತು. ಇಲ್ಲಿ ವರ್ಷಕ್ಕೆ ಎರಡು ಮಳೆಗಾಲ. ದೊಡ್ಡದು ಮೇ ತಿಂಗಳಿಂದ ಜುಲೈವರೆಗೆ. ಬರುವವರು ಕೊಡೆಗಿಂತ ಬೇಗ ಒಣಗುವ ಚಪ್ಪಲಿ ತರುವುದು ಒಳ್ಳೆಯದು.

ರಸ್ತೆ ಡೆಮೆರಾರಾ ನದಿಯ ಪಕ್ಕದಲ್ಲೇ ಸಾಗುತ್ತದೆ. ಎಡಗಡೆ ನದಿ, ಬಲಗಡೆ ಹೊಸ ಕಟ್ಟಡಗಳು. 2019ರ ಕೊನೆಯಲ್ಲಿ ಸಮುದ್ರದಿಂದ ತೈಲ ತೆಗೆಯಲು ಶುರುವಾದ ಮೇಲೆ ಊರೇ ಬದಲಾಗಿದೆ ಅಂತ ಟ್ಯಾಕ್ಸಿಯವರು ಹೇಳಿದರು. ಡೈಮಂಡ್ ಎಂಬ ಊರಿನ ಹತ್ತಿರ ರಮ್ ಕಾರ್ಖಾನೆಯ ಕಾಕಂಬಿ ವಾಸನೆ ಕಾರಿನೊಳಗೂ ಬಂತು. ನಮ್ಮ ಕಡೆ ಆಲೆಮನೆ ಹತ್ತಿರ ಬರುವ ವಾಸನೆಯೇ, ಸ್ವಲ್ಪ ಹುಳಿ ಜಾಸ್ತಿ.

ನಾನು ಕರ್ನಾಟಕದವಳು ಅಂದಾಗ ಟ್ಯಾಕ್ಸಿಯವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. "ವಿಶ್ವನಾಥ್ ಊರು!" ಅಂದರು. 1971ರಲ್ಲಿ ವಿಶ್ವನಾಥ್, ಪ್ರಸನ್ನ ಇದ್ದ ಭಾರತ ತಂಡ ಇಲ್ಲಿಗೆ ಬಂದಿತ್ತು. ಗವಾಸ್ಕರ್ ಮೊದಲ ಟೆಸ್ಟ್ ಶತಕ ಹೊಡೆದದ್ದು ಜಾರ್ಜ್‌ಟೌನ್‌ನ ಬೌರ್ಡಾ ಮೈದಾನದಲ್ಲಿ. ಟ್ಯಾಕ್ಸಿಯವರ ಅಪ್ಪ ಆ ಪಂದ್ಯ ನೋಡಿದ್ದರಂತೆ. ಇಷ್ಟು ದೂರದಲ್ಲಿ ಒಬ್ಬರು ನಮ್ಮ ಭದ್ರಾವತಿ ಹುಡುಗನ ಹೆಸರು ಹೇಳಿದ್ದು ಕೇಳಿ ನನ್ನ ಆಯಾಸವೆಲ್ಲ ಇಳಿಯಿತು.

ಎರಡನೇ ದಿನ: ಕಾಗದಗಳ ಮನೆ

ಜಾರ್ಜ್‌ಟೌನ್ ಮರದ ಮನೆಗಳ, ಕಾಲುವೆಗಳ ಊರು. ಉಬ್ಬರದ ಹೊತ್ತಿನಲ್ಲಿ ಊರು ಸಮುದ್ರಮಟ್ಟಕ್ಕಿಂತ ಕೆಳಗಿರುತ್ತದೆ. ತಡೆಗೋಡೆ ಕಟ್ಟಿ ಸಮುದ್ರವನ್ನು ಹೊರಗೆ ನಿಲ್ಲಿಸಿದ್ದಾರೆ. ಕಾಲುವೆಯ ಬಾಯಿಗೆ 'ಕೋಕರ್' ಎಂಬ ತೂಬು ಬಾಗಿಲುಗಳಿವೆ. ಇಳಿತದಲ್ಲಿ ಅದನ್ನು ಎತ್ತಿ ಮಳೆನೀರನ್ನು ಸಮುದ್ರಕ್ಕೆ ಬಿಡುತ್ತಾರೆ, ಉಬ್ಬರಕ್ಕೆ ಮುಂಚೆ ಇಳಿಸುತ್ತಾರೆ. ಬೆಳಿಗ್ಗೆ ಗೋಡೆಯ ಮೇಲೆ ಹತ್ತಿ ನೋಡಿದೆ. ಸಮುದ್ರ ನೀಲಿ ಅಲ್ಲ, ಚಹಾದ ಬಣ್ಣ. ಅಮೆಜಾನ್ ನದಿ ತರುವ ಕೆಸರು ಇಲ್ಲಿಯವರೆಗೂ ಬರುತ್ತದೆ.

ಈ ಕಾಲುವೆಗಳ ಬಗ್ಗೆ ರಾಡ್ನಿ ಬರೆದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಈ ತೀರದಲ್ಲಿ ಗುಲಾಮರು ಸಲಿಕೆ ಹಿಡಿದು 10 ಕೋಟಿ ಟನ್ ಹಸಿ ಜೇಡಿಮಣ್ಣು ಎತ್ತಿ ಹಾಕಿದರು ಎನ್ನುವ ಲೆಕ್ಕ ಅದು. ಆಮೇಲೆ ಅದೇ ಕಾಲುವೆಗಳನ್ನು ಹೂಳೆತ್ತಿ ಉಳಿಸಿದ್ದರಲ್ಲಿ 1838ರಿಂದ ಬಂದ ಭಾರತದ ಕೂಲಿಗಳ ಕೈಯೂ ಇದೆ. ಇಬ್ಬರ ಬೆವರೂ ಒಂದೇ ಮಣ್ಣಿಗೆ ಬಿತ್ತು ಅಂತ ತೋರಿಸಲು ರಾಡ್ನಿ ಹಳೆಯ ದಾಖಲೆಗಳ ಮುಂದೆ ವರ್ಷಗಟ್ಟಲೆ ಕೂತರು. ಆ ಪುಸ್ತಕ ಅಚ್ಚಾಗಿ ಬಂದಿದ್ದು 1981ರಲ್ಲಿ. ನೋಡಲು ಅವರಿರಲಿಲ್ಲ.

ಅಂಥ ದಾಖಲೆಗಳು ಈಗ ಹೋಮ್‌ಸ್ಟ್ರೆಚ್ ಅವೆನ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದಕ್ಕೆ ಇಂದು ಅವರದೇ ಹೆಸರು: ವಾಲ್ಟರ್ ರಾಡ್ನಿ ಪತ್ರಾಗಾರ. ಗುರುತಿನ ಚೀಟಿ, ಒಂದು ಪೆನ್ಸಿಲ್ ತೆಗೆದುಕೊಂಡು ಬೆಳಿಗ್ಗೆ ಬೇಗ ಹೋದೆವು. ಹಡಗಿನ ಪಟ್ಟಿಗಳನ್ನು ನೋಡಿದೆವು. ಹೆಸರು, ವಯಸ್ಸು, ಜಾತಿ, ಹಳ್ಳಿ, ಮೈಮೇಲಿನ ಮಚ್ಚೆ. ಹೆಂಗಸರ ಮಚ್ಚೆಯನ್ನೂ ಬರೆದಿದ್ದಾರೆ, ಅವರು ಆಡಿದ ಒಂದು ಮಾತನ್ನೂ ಬರೆದಿಲ್ಲ. ಆಂಟಿ ಒಂದು ಪುಟದ ಮೇಲೆ ಬೆರಳಿಡಲು ಹೋಗಿ, ಹಾಳೆಗೆ ಏನಾದರೂ ಆದೀತು ಅಂತ ಕೈ ಹಿಂದೆ ತೆಗೆದುಕೊಂಡರು.

ಮಧ್ಯಾಹ್ನ ಸ್ಟಾಬ್ರೂಕ್ ಮಾರುಕಟ್ಟೆಯಲ್ಲಿ ಎಗ್ ಬಾಲ್ ತಿಂದೆವು. ಬೇಯಿಸಿದ ಮೊಟ್ಟೆಯ ಸುತ್ತ ಮರಗೆಣಸಿನ ಹಿಟ್ಟು ಮೆತ್ತಿ ಕರಿದದ್ದು, ಜೊತೆಗೆ ಮಾವಿನಕಾಯಿಯ ಹುಳಿ ಚಟ್ನಿ. ಚಟ್ನಿ ಇನ್ನೂ ಸ್ವಲ್ಪ ಬೇಕು ಅಂದೆ. ಮಾರುವ ಹೆಂಗಸು ಎರಡು ಚಮಚ ಹಾಕಿ, "ಇಂಡಿಯಾದವರು ಅಂತ ಗೊತ್ತಾಯ್ತು ಬಿಡು" ಅಂದರು.

ಮೂರನೇ ದಿನ: ಎನ್ಮೋರ್, ತಗಡು, ಮಳೆ

ಪೂರ್ವ ಕರಾವಳಿಗೆ 44ನೇ ನಂಬರಿನ ಮಿನಿಬಸ್. ಚಿಲ್ಲರೆ ನೋಟು ಕೈಯಲ್ಲೇ ಇಟ್ಟುಕೊಂಡರೆ ಕಂಡಕ್ಟರ್ ಖುಷಿಯಾಗಿರುತ್ತಾರೆ. ರಸ್ತೆಯ ಎರಡೂ ಕಡೆ ಕಂಬದ ಮೇಲೆ ನಿಂತ ಮನೆಗಳು. ಹಿಂದೂಗಳ ಅಂಗಳದಲ್ಲಿ ಬಿದಿರಿಗೆ ಕಟ್ಟಿದ ಕೆಂಪು, ಹಳದಿ ಜಂಡಿ ಬಾವುಟಗಳು.

ಎನ್ಮೋರ್ ಸಕ್ಕರೆಯ ಊರು. 1948ರ ಜೂನ್ 16ರಂದು ಇಲ್ಲಿ ಮುಷ್ಕರ ಹೂಡಿದ ಕೂಲಿಗಳ ಮೇಲೆ ಪೊಲೀಸರು ಗುಂಡು ಹಾರಿಸಿ ಐದು ಜನ ಸತ್ತರು. ಅವರ ಸ್ಮಾರಕ ಇದೆ. ಅವರು ಕೆಲಸ ಮಾಡಿದ ಎಸ್ಟೇಟ್ ಈಗಿಲ್ಲ, 2017ರ ಕೊನೆಯಲ್ಲಿ ಮುಚ್ಚಿತು. ಆಂಟಿಯ ಅಣ್ಣ ಅಲ್ಲಿ ನಲವತ್ತು ವರ್ಷ ದುಡಿದವರು. ಬಲಗೈಯ ಹೆಬ್ಬೆರಳು ಇನ್ನೂ ಕಡಿಯುವ ಕತ್ತಿ ಹಿಡಿದ ಹಾಗೇ ಬಾಗಿದೆ. ನಾನೂ ಅವರನ್ನು ಅಂಕಲ್ ಅಂದೆ, ಅವರು ನನ್ನನ್ನು ಬೇಟಿ ಅಂದರು.

ಮಹಡಿಯ ಕೋಣೆಯಲ್ಲಿ, ಕುರ್ಚಿ ಎಳೆದು, ಎಲ್ಲ ಸರಿಯಾಗಿ ಜೋಡಿಸಿದೆ. ಮೇಜಿನ ಸದ್ದು ಹಿಡಿಯಬಾರದು ಅಂತ ರೆಕಾರ್ಡರ್ ಕೆಳಗೆ ಟವಲ್ ಹಾಸಿದೆ. ಒಪ್ಪಿಗೆಯ ಮಾತನ್ನೂ ಅವರ ದನಿಯಲ್ಲೇ ತೆಗೆದುಕೊಂಡೆ. ಆಮೇಲೆ, "ವಾಲ್ಟರ್ ರಾಡ್ನಿ ಬಗ್ಗೆ ಹೇಳಿ ಅಂಕಲ್" ಅಂದೆ. ಅವರು ನೆಟ್ಟಗೆ ಕೂತು, "ದೊಡ್ಡ ಮನುಷ್ಯರು. ತುಂಬ ಓದಿದವರು" ಅಂದರು. ಅಷ್ಟೇ. ಮತ್ತೆ ಕೇಳಿದೆ. ಅದನ್ನೇ ಹೇಳಿದರು. ಅಷ್ಟರಲ್ಲಿ ಮಳೆ ಬಂತು. ತಗಡಿನ ಮಾಡಿನ ಮೇಲೆ ಜೂನ್ ಮಳೆ ಅಂದರೆ ನಮ್ಮ ಆಗುಂಬೆಯವರಿಗೆ ಹೇಳಬೇಕಾಗಿಲ್ಲ. ಅರ್ಧ ಗಂಟೆ ರೆಕಾರ್ಡ್ ಆದದ್ದು ಮಳೆ ಮಾತ್ರ. ಆಮೇಲೆ ಕರೆಂಟೂ ಹೋಯಿತು.

"ಕೆಳಗೆ ಹೋಗೋಣ" ಅಂದರು ಅಂಕಲ್.

ಕೆಳಗೆ ಅಂದರೆ ಬಾಟಮ್ ಹೌಸ್. ಮನೆ ಕಂಬದ ಮೇಲಿದ್ದರೆ ಅದರ ಅಡಿಯಲ್ಲಿ ತಂಪಾದ ಖಾಲಿ ಜಾಗ ಇರುತ್ತದಲ್ಲ, ಅದು. ಒಂದು ಜೋಲಿ, ಎರಡು ಬೆಂಚು, ಮೂಲೆಯಲ್ಲಿ ಮಣ್ಣಿನ ಒಲೆ. ಹೋಗಿ ಬರುವವರೆಲ್ಲ ಅಲ್ಲೇ ಕೂರುತ್ತಾರೆ. ನಮ್ಮ ಜಗಲಿಯೇ ಸರಿ. ಅಂಕಲ್ ಜೋಲಿಯಲ್ಲಿ ಕೂತ ಮೇಲೆ ಭುಜ ಸಡಿಲವಾಯಿತು. ನಾನು ಬೇರೆ ಪ್ರಶ್ನೆ ಕೇಳಿದೆ. "ಆಗ ದಿನಾ ಎಷ್ಟು ಹೊತ್ತಿಗೆ ಎದ್ದು ಕೆಲಸಕ್ಕೆ ಹೋಗ್ತಿದ್ರಿ?"

ಅಲ್ಲಿಂದ ಒಂದೂ ಮುಕ್ಕಾಲು ಗಂಟೆ ಅವರು ನಿಲ್ಲಿಸಲಿಲ್ಲ. ಬೆಳಗಿನ ಜಾವ ಮೂರಕ್ಕೆ ಏಳುವುದು. ಸುಟ್ಟ ಕಬ್ಬಿನ ಮಸಿ ಮೈಗೆ ಹತ್ತಿ ಉಗುರಿನಿಂದ ಹೋಗದೇ ಇರುವುದು. ಕಬ್ಬಿನ ಕಂತೆಯನ್ನು ತಲೆಯ ಮೇಲೆ ಹೊತ್ತು ಹಲಗೆಯ ಮೇಲೆ ನಡೆದು ಕಾಲುವೆಯ ದೋಣಿಗೆ ಹಾಕುವುದು. ಕಾಲು ಜಾರಿ ಬಿದ್ದವರ ಹೆಸರುಗಳು. ಆ ಮಾತಿನ ಮಧ್ಯೆ, ತಾನಾಗಿಯೇ, ರಾಡ್ನಿ ಬಂದರು.

"ಇಂಥದೇ ಬಾಟಮ್ ಹೌಸಿನಲ್ಲಿ ಕೂತಿದ್ರು ಬೇಟಿ. ಅದೇ ಕೇಳಿದ್ರು, ಈಗ ನೀನು ಕೇಳಿದೆಯಲ್ಲ. ಹಲಗೆ ಎಷ್ಟು ಅಗಲ, ಒಂದು ಕಂತೆ ಎಷ್ಟು ಭಾರ, ಅಪ್ಪನ ಕಾಲದಲ್ಲಿ ಎಷ್ಟು ಕೂಲಿ. ನಾನು ಉತ್ತರ ಹೇಳ್ತಾ ಹೋದೆ. ಆಮೇಲೆ ನನ್ನ ಉತ್ತರದಿಂದಲೇ ನನಗೆ ಪಾಠ ಹೇಳಿದ್ರು. ನಾನು ಶಾಲೆ ನೋಡಿದ್ದು ನಾಲ್ಕೇ ವರ್ಷ. ನನಗಿದ್ದ ಮೇಷ್ಟ್ರು ಅಂದರೆ ಅವರೇ."

ರೆಕಾರ್ಡರ್ ಹಿಡಿದು ಊರೂರು ಸುತ್ತುವವರಿಗೆ ನಾನು ಹೇಳುವುದು ಇದು. ಹೋದವರ ಬಗ್ಗೆ ನೇರವಾಗಿ ಕೇಳಬೇಡಿ. ಮುಂದೆ ಕೂತವರ ಕೆಲಸ ಕೇಳಿ.

ಮಳೆ ನಿಂತ ಮೇಲೆ ಪಕ್ಕದ ಮನೆಯ ಪೂಜೆ ಊಟಕ್ಕೆ ಕರೆ ಬಂತು. ದೊಡ್ಡ ತಾವರೆ ಎಲೆಯ ಮೇಲೆ ಅನ್ನ, ಅದರ ಸುತ್ತ ಏಳು ಪಲ್ಯ, ಸಾರು: ಕುಂಬಳಕಾಯಿ, ಕಡಲೆ, ಆಲೂಗಡ್ಡೆ, ಸೊಪ್ಪು, ಮಾವಿನಕಾಯಿ, ದಾಲ್, ಮತ್ತೆ ಕಟಹರ್. ಇದಕ್ಕೆ 'ಸೆವೆನ್ ಕರಿ' ಅಂತಲೇ ಹೆಸರು. ಕೈಯಲ್ಲೇ ಕಲಸಿ ತಿನ್ನಬೇಕು. ಕಟಹರ್ ನಮ್ಮ ಗುಜ್ಜೆ ಪಲ್ಯದ ಅಕ್ಕನ ಹಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ನಾಲ್ಕನೇ ದಿನ: ಲಿಂಡನ್

ಲಿಂಡನ್‌ಗೆ ಹೋಗುವ ಮಾತು ಬಂದಾಗಿನಿಂದ ಆಂಟಿ ಸುಮ್ಮನಾಗಿದ್ದರು. ಅದು ಅಲ್ಯೂಮಿನಿಯಂ ಅದಿರಾದ ಬಾಕ್ಸೈಟಿನ ಗಣಿ ಊರು. ಗಯಾನಾದಲ್ಲಿ ಹುಟ್ಟಿ ಬೆಳೆದೂ ಅವರು ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ಕಾರಣ ಇದೆ. 1964ರ ಮೇ ತಿಂಗಳಲ್ಲಿ ಅಲ್ಲಿನ ವಿಸ್ಮಾರ್‌ನಲ್ಲಿ ಜನಾಂಗ ಗಲಭೆಯಾಗಿ ಭಾರತ ಮೂಲದವರ ಮನೆಗಳನ್ನು ಸುಟ್ಟರು, ಹೆಂಗಸರ ಮೇಲೆ ಕೈ ಮಾಡಿದರು, ಸಾವಿರಾರು ಜನ ಊರು ಬಿಟ್ಟರು. ಜುಲೈಯಲ್ಲಿ ಸನ್ ಚಾಪ್ಮನ್ ಎಂಬ ದೋಣಿ ಸ್ಫೋಟವಾಗಿ ಅದೇ ಊರಿಗೆ ಹೊರಟಿದ್ದ ಆಫ್ರಿಕನ್ ಮೂಲದ ಹತ್ತಾರು ಜನ ಸತ್ತರು. ಆಗ ಆಂಟಿಗೆ ಏಳು ವರ್ಷ. ಊರು ಬಿಟ್ಟು ಬಂದ ಒಂದು ಕುಟುಂಬ ಅವರ ಬಾಟಮ್ ಹೌಸಿನಲ್ಲೇ ತಿಂಗಳುಗಟ್ಟಲೆ ಇತ್ತು.

ಹತ್ತು ವರ್ಷದ ನಂತರ, 1974ರಲ್ಲಿ, ರಾಡ್ನಿ ವಿದೇಶದಿಂದ ಮರಳಿದರು. ವಿಶ್ವವಿದ್ಯಾಲಯ ಅವರನ್ನು ಇತಿಹಾಸದ ಪ್ರಾಧ್ಯಾಪಕರಾಗಿ ಆರಿಸಿತ್ತು. ಆಗಿನ ಪ್ರಧಾನಿ ಬರ್ನಮ್ ಅವರ ಸರ್ಕಾರ ಅದನ್ನು ತಡೆಯಿತು. ಕೆಲಸ ಇಲ್ಲದಿದ್ದರೂ ಅವರು ದೇಶ ಬಿಡಲಿಲ್ಲ. ಕಬ್ಬಿನ ಎಸ್ಟೇಟಿಗೂ ಹೋದರು, ಲಿಂಡನ್‌ನ ಬಾಕ್ಸೈಟ್ ಕಾರ್ಮಿಕರ ಹತ್ತಿರವೂ ಹೋದರು. ಮೊದಲನೆಯದು ಹೆಚ್ಚಾಗಿ ಭಾರತ ಮೂಲದವರ ಜಾಗ, ಎರಡನೆಯದು ಆಫ್ರಿಕನ್ ಮೂಲದವರದು. ಎರಡೂ ಕಡೆ ಕೂತು ಪಾಠ ಹೇಳಿದವರು ಅವರು. ಮಕ್ಕಳಿಗಾಗಿ ಆಫ್ರಿಕಾದಿಂದ ಬಂದ ಕೋಫಿಯ ಕಥೆ ಬರೆದವರೇ ಭಾರತದಿಂದ ಬಂದ ಲಕ್ಷ್ಮಿಯ ಕಥೆಯನ್ನೂ ಬರೆದರು.

ಲಿಂಡನ್ ರಸ್ತೆ ಬಿಳಿ ಮರಳಿನ ಗುಡ್ಡಗಳ ನಡುವೆ ಏರಿಳಿಯುತ್ತದೆ. ಉಪ್ಪಿನ ರಾಶಿಯ ಹಾಗೆ ಹೊಳೆಯುವ ಮರಳು. ಅರ್ಧ ದಾರಿಯಲ್ಲಿ ಬಸ್ಸಿನ ಚಕ್ರ ಪಂಕ್ಚರ್. ಎಲ್ಲರೂ ಇಳಿದು ಮರದ ನೆರಳಿಗೆ ಹೋದೆವು. ಒಬ್ಬ ಅಜ್ಜ ಚೀಲದಿಂದ ಅನಾನಸ್ ತೆಗೆದು ಕತ್ತರಿಸಿ ಎಲ್ಲರಿಗೂ ಹಂಚಿದರು. ಯಾಕೆ ಬಂದಿರಿ ಅಂತ ಕೇಳಿದರು, ಆಂಟಿ ಹೇಳಿದರು. ಅವರು ಚಾಕು ಒರೆಸುತ್ತಾ, "ನಮ್ಮೂರಿಗೆ ಹೆಸರು ಬರ್ನಮ್‌ದು. ಲಿಂಡನ್ ಫೋರ್ಬ್ಸ್ ಬರ್ನಮ್. ಆದರೂ ಈ ಊರಲ್ಲಿ ರಾಡ್ನಿ ಮಾತಾಡಿದ ಜಾಗ ಯಾವುದು ಅಂದ್ರೆ ನಾನು ಕಣ್ಣು ಮುಚ್ಚಿ ತೋರಿಸ್ತೀನಿ" ಅಂದರು. ಅವರ ಮಾತನ್ನೂ ಆ ಮರದ ಕೆಳಗೇ ರೆಕಾರ್ಡ್ ಮಾಡಿಕೊಂಡೆ. ಚಕ್ರ ಬದಲಿಸುವ ಸದ್ದು ಅದರಲ್ಲಿ ಚೆನ್ನಾಗಿ ಕೇಳಿಸುತ್ತದೆ. ತೆಗೆಯುವುದಿಲ್ಲ.

ನಾವು ನೋಡಲು ಹೋದದ್ದು ಎಪ್ಪತ್ತೆಂಟು ವರ್ಷದ ಒಬ್ಬ ಅಜ್ಜಿಯನ್ನು. ಗಂಡ ಬಾಕ್ಸೈಟ್ ಗಣಿಯಲ್ಲಿದ್ದವರು, ಈಗಿಲ್ಲ. ಡೆಮೆರಾರಾ ನದಿಯನ್ನು ಚಿಕ್ಕ ದೋಣಿಯಲ್ಲಿ ದಾಟಿ ವಿಸ್ಮಾರ್ ಕಡೆಗೆ ಹೋದೆವು. ದೋಣಿಯಲ್ಲಿ ಆಂಟಿ ನನ್ನ ಕೈ ಬಿಗಿಯಾಗಿ ಹಿಡಿದಿದ್ದರು.

ಅಜ್ಜಿ ಕುಕ್‌ಅಪ್ ರೈಸ್ ಮಾಡಿಟ್ಟಿದ್ದರು. ಅನ್ನ, ಕಾಳು, ತೆಂಗಿನ ಹಾಲು ಒಂದೇ ಪಾತ್ರೆಯಲ್ಲಿ. ಊಟ ಆದ ಮೇಲೆ ಹೇಳಿದರು. ರಾಡ್ನಿಯ ಪಕ್ಷ ವರ್ಕಿಂಗ್ ಪೀಪಲ್ಸ್ ಅಲಯನ್ಸ್ 'ಡೇಕ್ಲೀನ್' ಎಂಬ ಹಾಳೆ ಹೊರಡಿಸುತ್ತಿತ್ತು. ಕ್ರಿಯೋಲೀಸ್ ಭಾಷೆಯಲ್ಲಿ ಹಾಗೆಂದರೆ ಬೆಳಗಾಗುವ ಹೊತ್ತು. ಅಜ್ಜಿ ಬ್ರೆಡ್ ಮಾರುವ ಬುಟ್ಟಿಯಲ್ಲಿ, ಬಟ್ಟೆಯ ಅಡಿಯಲ್ಲಿ, ಅದನ್ನಿಟ್ಟು ಮನೆಮನೆಗೆ ಕೊಡುತ್ತಿದ್ದರು. 1980ರ ಜೂನ್ ತಿಂಗಳಲ್ಲಿ ರಾಡ್ನಿ ಸತ್ತ ಮೇಲೆ ಹೆದರಿಕೆಯಿಂದ ಎಲ್ಲ ಹಾಳೆಗಳನ್ನೂ ಒಲೆಗೆ ಹಾಕಿದರು.

"ಒಂದನ್ನಾದರೂ ಇಟ್ಟುಕೊಳ್ಳಬೇಕಿತ್ತು" ಅಂತ ಅವರು ಮೂರು ಸಲ ಹೇಳಿದರು. ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ. ಆ ಸುಮ್ಮನಿದ್ದ ಹೊತ್ತೂ ರೆಕಾರ್ಡ್‌ನಲ್ಲಿದೆ, ಹೆಚ್ಚುಕಡಿಮೆ ಒಂದು ನಿಮಿಷ. ಆಮೇಲೆ ಆಂಟಿಯೇ ಮಾತಾಡಿದರು. 1964ರಲ್ಲಿ ತಮ್ಮ ಬಾಟಮ್ ಹೌಸಿನಲ್ಲಿದ್ದ ಆ ಕುಟುಂಬದ ವಿಷಯ ಹೇಳಿದರು. ಅಜ್ಜಿ ಹೆಸರು ಕೇಳಿದರು. ಆಂಟಿ ಹೇಳಿದರು. "ಅವರ ಮನೆ ನಮ್ಮ ಬೀದಿಯಲ್ಲೇ ಇತ್ತು" ಅಂದರು ಅಜ್ಜಿ. ಇಬ್ಬರೂ ಎದ್ದು ಕಿಟಕಿಯ ಹತ್ತಿರ ಹೋದರು. ನಾನು ರೆಕಾರ್ಡರ್ ಆರಿಸಿದೆ. ಆ ಮಾತು ಅವರಿಬ್ಬರದು.

ಐದನೇ ದಿನ: ಜೂನ್ 13

ಬೆಳಿಗ್ಗೆ ಬಕ್ಸ್‌ಟನ್. ಬಿಡುಗಡೆಯಾದ ಗುಲಾಮರು 1840ರಲ್ಲಿ ತಮ್ಮ ದುಡ್ಡು ಒಟ್ಟುಹಾಕಿ ಕೊಂಡ ಹಳ್ಳಿ. ರಾಡ್ನಿಯ ಅಂತಿಮ ಯಾತ್ರೆ ಇಲ್ಲಿಂದ ಜಾರ್ಜ್‌ಟೌನ್‌ಗೆ ನಡೆದೇ ಹೋಯಿತು, ಸಾವಿರಾರು ಜನ. ನಾವು ಆ ದಾರಿಯಲ್ಲಿ ಒಂದು ಗಂಟೆ ನಡೆದೆವು. ಬಿಸಿಲು ತಡೆಯಲಾಗದೆ ಬಸ್ ಹತ್ತಿದೆವು.

ಸಂಜೆ ಜಾನ್ ಸ್ಟ್ರೀಟ್. 1980ರ ಇದೇ ದಿನ, ಶುಕ್ರವಾರ ರಾತ್ರಿ, ತಮ್ಮ ಡೊನಾಲ್ಡ್‌ನ ಕಾರಿನಲ್ಲಿ ಕೂತಿದ್ದಾಗ ರಾಡ್ನಿಯ ಕೈಗೆ ಬಂದಿದ್ದ ವಾಕಿಟಾಕಿ ಸ್ಫೋಟಿಸಿತು. ಅವರಿಗೆ 38 ವರ್ಷ. ಗಾಯಗೊಂಡ ಡೊನಾಲ್ಡ್ ಮೇಲೆಯೇ ಸ್ಫೋಟಕ ಇಟ್ಟುಕೊಂಡಿದ್ದ ಕೇಸು ಹಾಕಿದರು. ಅದರ ತೀರ್ಪು ರದ್ದಾಗಿದ್ದು 2021ರಲ್ಲಿ. 2014ರಲ್ಲಿ ನೇಮಿಸಿದ ತನಿಖಾ ಆಯೋಗ ಎರಡು ವರ್ಷದ ನಂತರ ವರದಿ ಕೊಟ್ಟು, ಕೊಲೆಯಲ್ಲಿ ಸರ್ಕಾರದ ಕೈವಾಡವಿತ್ತು, ಬರ್ನಮ್‌ಗೆ ಗೊತ್ತಿತ್ತು ಎಂದಿತು.

ನನಗೆ ಅದಕ್ಕಿಂತಲೂ ಚುಚ್ಚಿದ್ದು ಒಂದು ಚಿಕ್ಕ ಕಾಗದ. ರಾಡ್ನಿಯ ಮರಣ ಪ್ರಮಾಣಪತ್ರದಲ್ಲಿ ಉದ್ಯೋಗದ ಜಾಗದಲ್ಲಿ 'ನಿರುದ್ಯೋಗಿ' ಅಂತ ಬರೆದಿದ್ದರು. ಕೆಲಸ ಸಿಗದಂತೆ ತಡೆದ ಸರ್ಕಾರದ ಕಾಗದವೇ ಹಾಗೆ ಹೇಳಿತು. ಅದನ್ನು 'ಪ್ರಾಧ್ಯಾಪಕ' ಎಂದು ತಿದ್ದುತ್ತೇವೆ ಎಂದು ಸರ್ಕಾರ ಹೇಳಿದ್ದು 2021ರಲ್ಲಿ, 41 ವರ್ಷದ ನಂತರ. ನಾಲ್ಕು ವರ್ಷ ಮಾತ್ರ ಶಾಲೆಗೆ ಹೋದ ಎನ್ಮೋರ್‌ನ ಅಂಕಲ್ ಅವರನ್ನು ಮೊದಲ ದಿನದಿಂದಲೂ ಮೇಷ್ಟ್ರು ಅಂತಲೇ ಕರೆದಿದ್ದರು. ಅದನ್ನು ಯಾರೂ ಬರೆದುಕೊಂಡಿರಲಿಲ್ಲ ಅಷ್ಟೇ.

ಆಂಟಿ ಬೀದಿಯ ಬದಿಯಲ್ಲಿ ಕೆಂಪು ದಾಸವಾಳ ಇಟ್ಟರು. ಸಣ್ಣ ಮಳೆ ಬರುತ್ತಿತ್ತು.

ಆರನೇ ದಿನ: ಮತ್ತೆ ಎನ್ಮೋರ್

ವಿಮಾನ ರಾತ್ರಿ. ಬೆಳಿಗ್ಗೆಯೇ ಅಂಕಲ್ ಮನೆಗೆ ಹೋದೆವು. ರೆಕಾರ್ಡ್ ಮಾಡಿದ್ದನ್ನು ಮಾತಾಡಿದವರಿಗೆ ಕೇಳಿಸದೆ ಊರು ಬಿಡಬಾರದು ಅಂತ ನಾನು ಮೊದಲೇ ತೀರ್ಮಾನಿಸಿದ್ದೆ. ಅವರ ಪ್ರತಿ ಅವರ ಹತ್ತಿರವೂ ಇರಬೇಕು.

ಬಾಟಮ್ ಹೌಸಿನಲ್ಲಿ ಹಾಕಿದೆವು. ಪಕ್ಕದ ಮನೆಯವರೂ ಬಂದು ಬೆಂಚಿನಲ್ಲಿ ಕೂತರು. ಅಂಕಲ್ ಕಣ್ಣು ಮುಚ್ಚಿ ಕೇಳಿದರು. ಮಧ್ಯೆ ಒಮ್ಮೆ ಕೈ ಎತ್ತಿ, "ತಪ್ಪು. ಆ ಹಲಗೆ ಒಂಬತ್ತು ಇಂಚು ಅಲ್ಲ, ಹನ್ನೆರಡು" ಅಂದರು. ಬೆಂಚಿನ ಮೇಲಿದ್ದ ಇನ್ನೊಬ್ಬರು ಒಂಬತ್ತೇ ಸರಿ ಅಂದರು. ಅಲ್ಲೇ ಜೋರು ಚರ್ಚೆ. ಅಂತಿಮ ಯಾತ್ರೆಯ ದಿನದ ಮಾತು ಬಂದಾಗ ಮೂಲೆಯಲ್ಲಿದ್ದ ಹೆಂಗಸು, "ನಾನೂ ನಡೆದೆ. ನನ್ನನ್ನು ಯಾರೂ ಕೇಳಿಲ್ಲ" ಅಂದರು. ನನ್ನ ಪಟ್ಟಿಯಲ್ಲಿ ಬರುವಾಗ ಮೂರು ಹೆಸರಿದ್ದವು. ಆ ಬೆಳಿಗ್ಗೆಯೊಂದರಲ್ಲೇ ಹನ್ನೊಂದಾದವು. ನನ್ನ ಕೈಯಲ್ಲಿ ಉಳಿದದ್ದು ನಾಲ್ಕು ಗಂಟೆ.

ಅಂಕಲ್ ಮೊಮ್ಮಗಳಿಗೆ ಹದಿನಾಲ್ಕು ವರ್ಷ. ಮೂರನೇ ದಿನದಿಂದಲೂ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ರೆಕಾರ್ಡರ್ ಕೊಟ್ಟೆ. ಬ್ಯಾಟರಿ ಹೇಗೆ ಹಾಕಬೇಕು, ಟವಲ್ ಯಾಕೆ ಬೇಕು, ಒಪ್ಪಿಗೆ ಮೊದಲು ಕೇಳಬೇಕು, ಮಳೆ ಬಂದರೆ ಮಹಡಿ ಬಿಟ್ಟು ಕೆಳಗೆ ಬರಬೇಕು, ಎಲ್ಲ ಹೇಳಿಕೊಟ್ಟೆ. ಪಟ್ಟಿಯನ್ನೂ ಕೊಟ್ಟೆ. ಅವಳು ತಕ್ಷಣ ಗುಂಡಿ ಒತ್ತಿ ಜೋಲಿಯ ಪಕ್ಕ ನೆಲದ ಮೇಲೆ ಕೂತಳು.

"ಆಜಾ, ನಿಮ್ಮ ಮಾತು ರೆಕಾರ್ಡ್ ಮಾಡಬಹುದಾ?"

"ಮಾಡು ಬೇಟಿ."

"ಬಕ್ಸ್‌ಟನ್‌ನಿಂದ ಅಷ್ಟು ದೂರ ನಡೆದ್ರಲ್ಲ, ಅವತ್ತು ಏನು ತಿಂದ್ರಿ?"

ನಾವಿಬ್ಬರೂ ಕೇಳದೇ ಇದ್ದ ಪ್ರಶ್ನೆ ಅದು. ಅಂಕಲ್ ಜೋಲಿಯನ್ನು ಕಾಲಿನಿಂದ ನಿಲ್ಲಿಸಿದರು.

"ಮನೆಯಿಂದ ಏನೂ ತಂದಿರಲಿಲ್ಲ. ದಾರಿಯಲ್ಲಿ ಒಂದು ಮನೆ ಮುಂದೆ, ಕರಿಯರ ಮನೆ, ಒಬ್ಬ ಹೆಂಗಸು ಬಕೆಟ್ಟಿನಲ್ಲಿ ನಿಂಬೆ ಪಾನಕ ಇಟ್ಕೊಂಡು ನಿಂತಿದ್ಲು. ಹೋಗೋರಿಗೆಲ್ಲ ಒಂದೇ ಲೋಟ. ನನ್ನ ಮುಂದಿನವನು ಕುಡಿದು ನನ್ನ ಕೈಗೆ ಕೊಟ್ಟ. ನಾನು ಕುಡಿದು ಹಿಂದಿನವನಿಗೆ ಕೊಟ್ಟೆ."